ಕಿವಿಗೊಟ್ಟು ನೋಡಬೇಕಾದ ಸಿನಿಮಾಗಳು

ಕಳೆದ ಮಳೆಗಾಲದಲ್ಲಿ ನಮ್ಮತ್ತೆ ಒಂದು ತಿಂಗಳು ಬೆಂಗಳೂರಿನ ನಮ್ಮ ಮನೆಯಲ್ಲಿದ್ದರು. ಕೊಪ್ಪಳ ಸೀಮೆಯವರು. ಸಂಜೆ ನಾವು ಟಿವಿ ಮುಂದೆ ಕೂತರೆ ಅವರು ಅಡುಗೆಮನೆಯ ಬಾಗಿಲ ಬಳಿ ಮೊರ ಹಿಡಿದು ಕೂರುತ್ತಿದ್ದರು. ಊರಿಂದ ತಂದ ಜೋಳವನ್ನು ಆರಿಸುವುದು, ಕೇರುವುದು, ಮತ್ತೆ ಆರಿಸುವುದು. ತೆರೆಯ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ. ಕರೆದರೂ ಬರುತ್ತಿರಲಿಲ್ಲ. ಸಿನಿಮಾ ಎಂದರೆ ಅವರಿಗೆ ಯಾರೋ ಇನ್ಯಾರಿಗೋ ಹೇಳಿಕೊಳ್ಳುವ ಮಾತು.

ಒಂದು ಭಾನುವಾರ ‘ಶಿವಮ್ಮ’ ಹಾಕಿದೆವು. ಹತ್ತು ನಿಮಿಷ ಆಗಿರಬಹುದು, ಮೊರದಲ್ಲಿ ಜೋಳ ಹೊರಳುವ ಸದ್ದು ನಿಂತದ್ದು ಗಮನಕ್ಕೆ ಬಂತು. ತಿರುಗಿ ನೋಡಿದರೆ ಅತ್ತೆ ಕುತ್ತಿಗೆ ಮುಂದೆ ಚಾಚಿ ಕೇಳುತ್ತಿದ್ದಾರೆ. “ಇಕಿ ನಮ್ ಕಡಿ ಮಾತಾಡಾಕತ್ತಾಳಲ್ಲ” ಅಂದರು. ಮೊರವನ್ನು ಗೋಡೆಗೆ ಒರಗಿಸಿ ಬಂದು ಸೋಫಾದ ತುದಿಯಲ್ಲಿ ಕೂತರು. ಚಿತ್ರ ಮುಗಿಯುವವರೆಗೆ ಏಳಲಿಲ್ಲ. ಎಪ್ಪತ್ತು ದಾಟಿದ ಹೆಂಗಸು, ಹುಟ್ಟಿದಾಗಿನಿಂದ ಕನ್ನಡ ಬಿಟ್ಟು ಬೇರೆ ಮಾತಾಡಿದವರಲ್ಲ. ಒಂದು ಕನ್ನಡ ಸಿನಿಮಾದ ಮುಂದೆ ಅವರು ಮನೆಯವರಂತೆ ಕೂತದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಈ ಅಂಕಣ ಓದುವವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: ಮನೆಯಲ್ಲಿ ಕೂತು ನೋಡಲು, ಎಲ್ಲರೂ ನೋಡಿರದ ಒಳ್ಳೆಯ ಸಿನಿಮಾ ಯಾವುದಿದೆ ಹೇಳಿ. ಮೊದಲೆಲ್ಲ ನಾನು ಪ್ರಶಸ್ತಿಗಳ ಪಟ್ಟಿ ತೆಗೆದು ಹೆಸರು ಹೇಳುತ್ತಿದ್ದೆ. ಆ ಭಾನುವಾರದ ನಂತರ ನನ್ನ ಉತ್ತರ ಬದಲಾಗಿದೆ. ಈಗ ನಾನೇ ತಿರುಗಿ ಕೇಳುತ್ತೇನೆ: ನೀವು ಇನ್ನೂ ಕೇಳಿರದ ಕನ್ನಡ ಯಾವುದು? ಅಲ್ಲಿಂದ ಶುರು ಮಾಡಿ.

ಕನ್ನಡ ಸಿನಿಮಾ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆದರೆ ಅದರಲ್ಲಿ ಯಾರ ಕನ್ನಡ ಇದೆ ಎಂದು ಕೇಳಿಕೊಳ್ಳುವುದು ಕಡಿಮೆ. ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಬಂತು. ಅದು ತಯಾರಾದದ್ದು ಕೊಲ್ಹಾಪುರದ ಸ್ಟುಡಿಯೊದಲ್ಲಿ. ನಟರು ಬಂದದ್ದು ವೃತ್ತಿ ನಾಟಕ ಕಂಪನಿಗಳಿಂದ, ಮಾತೂ ಅಲ್ಲಿಂದಲೇ ಬಂತು. ಮುಂದೆ ಹಲವು ದಶಕ ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೊಗಳಲ್ಲಿ ರೂಪುಗೊಂಡವು. ಹೀಗೆ ರಂಗದ ಗ್ರಾಂಥಿಕ ಕನ್ನಡ, ಅದರ ಪಕ್ಕದಲ್ಲಿ ಮೈಸೂರು-ಬೆಂಗಳೂರಿನ ಆಡುಗನ್ನಡ, ಇವೆರಡೇ ನಾಯಕ ನಾಯಕಿಯರ ಮಾತಾದವು. ಹುಬ್ಬಳ್ಳಿಯ ಮಾತು, ಮಂಗಳೂರಿನ ಮಾತು ನಗಿಸಲು ಬರುವ ಪಾತ್ರಗಳ ಪಾಲಾದವು. ಆ ಸೀಮೆಯವರು ಅಳುವುದು, ಪ್ರೀತಿಸುವುದು, ಸಾಲಕ್ಕೆ ಅಂಜುವುದು ಕೂಡ ಅದೇ ಮಾತಿನಲ್ಲಿ ಎಂಬುದನ್ನು ತೆರೆ ಬಹುಕಾಲ ಮರೆತೇ ಇತ್ತು.

ಅದನ್ನು ನೆನಪಿಟ್ಟುಕೊಂಡವು ಸಣ್ಣ ಚಿತ್ರಗಳು. 1970ರ ‘ಸಂಸ್ಕಾರ’ದ ನಂತರ ಕಾದಂಬರಿ, ಕಥೆಗಳನ್ನು ಆಧರಿಸಿ ಬಂದ ಹೊಸ ಅಲೆಯ ಚಿತ್ರಗಳು ಒಂದು ಸುತ್ತು. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ತಮ್ಮ ಊರಿಗೇ ಕ್ಯಾಮೆರಾ ಹೊತ್ತು ಹೋದ ಹೊಸಬರ ಚಿತ್ರಗಳು ಇನ್ನೊಂದು ಸುತ್ತು. ಇವುಗಳಲ್ಲಿ ಹೆಚ್ಚಿನವು ಚಿತ್ರಮಂದಿರದಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಕೆಲವು ಊರಿನ ಚಿತ್ರಮಂದಿರ ನೋಡುವ ಮೊದಲೇ ಪರದೇಶದ ಚಿತ್ರೋತ್ಸವ ನೋಡಿ ಬಂದವು. ಅವುಗಳಿಗೆ ಬೇಕಾದದ್ದು ದೊಡ್ಡ ಪರದೆಗಿಂತ ಹತ್ತಿರದ ಕಿವಿ. ಹತ್ತಿರದ ಕಿವಿ ಸಿಗುವುದು ಮನೆಯಲ್ಲಿ.

‘ಶಿವಮ್ಮ’ನಿಂದಲೇ ಶುರು ಮಾಡೋಣ. ಪೂರ್ತಿ ಹೆಸರು ‘ಶಿವಮ್ಮ ಯರೇಹಂಚಿನಾಳ’. ನಿರ್ದೇಶಕ ಜೈಶಂಕರ್ ಆರ್ಯರ್. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ಆ ಊರ ಜನರನ್ನೇ ಇಟ್ಟುಕೊಂಡು ತೆಗೆದ ಚಿತ್ರ. 2022ರಲ್ಲಿ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರಿಗೆ ಮೀಸಲಾದ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಪಡೆಯಿತು. ನಮ್ಮ ಚಿತ್ರಮಂದಿರಕ್ಕೆ ಬಂದದ್ದು 2024ರಲ್ಲಿ. ಶಿವಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಗಂಡ ಹಾಸಿಗೆ ಹಿಡಿದಿದ್ದಾನೆ, ಮಗಳ ಮದುವೆ ಮುಂದಿದೆ. ಅವಳು ಶಕ್ತಿವರ್ಧಕ ಪುಡಿಯೊಂದರ ನೆಟ್‌ವರ್ಕ್ ಮಾರ್ಕೆಟಿಂಗ್ ಜಾಲಕ್ಕೆ ಸೇರುತ್ತಾಳೆ. ಮನೆಮನೆಗೆ ಹೋಗಿ ನಂಟರನ್ನು, ನೆರೆಯವರನ್ನು ಆ ಜಾಲದೊಳಕ್ಕೆ ಎಳೆಯುತ್ತಾಳೆ.

ಈ ಚಿತ್ರದ ಜೀವ ಇರುವುದು ಶರಣಮ್ಮ ಚೆಟ್ಟಿಯವರ ದನಿಯಲ್ಲಿ. ಅವರು ವೃತ್ತಿಯಿಂದ ನಟಿಯಲ್ಲ. ಶಿವಮ್ಮ ಬಾಯಿಪಾಠ ಮಾಡಿದ ಮಾರಾಟದ ಮಾತು ಒಂದು, ಬೇಡುವಾಗ ಬರುವ ಮಾತು ಇನ್ನೊಂದು, ಬೈಯುವಾಗ ಬರುವುದು ಮತ್ತೊಂದು. ಕಂಪನಿಯ ಇಂಗ್ಲಿಷ್ ಪದಗಳು ಅವಳ ನಾಲಿಗೆಯ ಮೇಲೆ ಕೊಪ್ಪಳದ ಪದಗಳಾಗಿ ತಿರುಗುವುದನ್ನು ಕೇಳಿ. ಇಂಥ ಜಾಲಗಳು ಹಳ್ಳಿಗೆ ಹೇಗೆ ಇಳಿಯುತ್ತವೆ ಎಂಬ ಪ್ರಶ್ನೆಗೆ ಅಲ್ಲೇ ಉತ್ತರವಿದೆ. ಹಣದ ಆಸೆ ಹೊರಗಿನದು, ಅದನ್ನು ಒಳಗೆ ಬಿಡುವ ಮಾತು ಮಾತ್ರ ನಮ್ಮದೇ, ಅಕ್ಕ ತಂಗಿಯರ ಮಾತು. ನಂಬಿಕೆಯ ಮಾತನ್ನೇ ಬಂಡವಾಳ ಮಾಡಿಕೊಂಡ ವ್ಯಾಪಾರ ಅದು. ಶಿಷ್ಟ ಕನ್ನಡದಲ್ಲಿ ಈ ಚಿತ್ರ ತೆಗೆದಿದ್ದರೆ ಕಥೆ ಉಳಿಯುತ್ತಿತ್ತೇನೋ, ಕಾರಣ ತಿಳಿಯುತ್ತಿರಲಿಲ್ಲ.

ಅಲ್ಲಿಂದ ಮಂಡ್ಯಕ್ಕೆ ಬನ್ನಿ. ರಾಮ್ ರೆಡ್ಡಿಯವರ ‘ತಿಥಿ’ಯ ಹೆಸರನ್ನು ಹಲವರು ಕೇಳಿದ್ದೀರಿ. ಹೆಸರು ಕೇಳಿದವರಷ್ಟು ನೋಡಿದವರಿಲ್ಲ ಎಂಬುದು ನನ್ನ ಅನುಭವ. 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, 2016ರಲ್ಲಿ ಇಲ್ಲಿ ತೆರೆಕಂಡ ಚಿತ್ರ. ನೊದೆಕೊಪ್ಪಲು ಎಂಬ ಊರು, ನೂರ ಒಂದು ವರ್ಷದ ಸೆಂಚುರಿ ಗೌಡ. ಹಾದಿಯಲ್ಲಿ ಹೋಗಿಬರುವವರನ್ನೆಲ್ಲ ಬೈಯುತ್ತಾ ಕೂತಿದ್ದ ಅಜ್ಜ ಒಂದು ದಿನ ಸತ್ತುಹೋಗುತ್ತಾನೆ. ಹನ್ನೊಂದನೆಯ ದಿನದ ತಿಥಿಯವರೆಗೆ ಮಗ, ಮೊಮ್ಮಗ, ಮರಿಮಗ ಮೂವರೂ ಮೂರು ದಾರಿ ಹಿಡಿಯುತ್ತಾರೆ. ಮಗ ಗಡ್ಡಪ್ಪನಿಗೆ ಆಸ್ತಿ ಬೇಡ, ಹೊಲದ ಬದುವಿನಲ್ಲಿ ಅಲೆಯುವುದೇ ಅವನ ಬದುಕು. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು. ಅದಕ್ಕಾಗಿ ಬದುಕಿರುವ ಅಪ್ಪ ಸತ್ತಿದ್ದಾನೆಂದು ಕಾಗದದಲ್ಲಿ ಬರೆಸಲೂ ಅವನು ಸಿದ್ಧ.

ಇಲ್ಲಿ ಬೈಗುಳವನ್ನು ಗಮನಿಸಿ. ಮಂಡ್ಯದ ಬೈಗುಳ ಬೇರೆ ಕಡೆಯವರಿಗೆ ಒರಟಾಗಿ ಕೇಳುತ್ತದೆ. ಹತ್ತು ನಿಮಿಷ ಕಿವಿ ಕೊಟ್ಟರೆ ಅದರಲ್ಲಿ ಸಲಿಗೆ ಯಾವುದು, ಸಿಟ್ಟು ಯಾವುದು, ಕರೆಯುವ ಪರಿ ಯಾವುದು ಎಂದು ಬೇರೆಯಾಗುತ್ತಾ ಹೋಗುತ್ತದೆ. ‘ಕಣ್ಲಾ’ ಎಂಬ ಬಾಲವೊಂದು ಮಾತಿಗೆ ಅಂಟಿಕೊಂಡರೆ ಅಧಿಕಾರ, ಪ್ರೀತಿ, ತಿರಸ್ಕಾರ ಯಾವುದು ಬೇಕಾದರೂ ಆಗಬಹುದು. ಆಗುವುದು ರಾಗದಿಂದ. ಈ ಚಿತ್ರದಲ್ಲಿ ನಟರೆಂದು ಕಾಣುವವರೆಲ್ಲ ಆ ಸೀಮೆಯ ರೈತಾಪಿ ಜನ. ರಾಗವನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

‘ತಿಥಿ’ಯನ್ನು ಬರೆಯುವಲ್ಲಿ ರಾಮ್ ರೆಡ್ಡಿಯವರ ಜೊತೆಗಿದ್ದ ಈರೇಗೌಡರು ಆಮೇಲೆ ತಾವೇ ‘ಬಳೆಕೆಂಪ’ ನಿರ್ದೇಶಿಸಿದರು. 2018ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ಅದಕ್ಕೆ ವಿಮರ್ಶಕರ ಪ್ರಶಸ್ತಿ ಬಂತು. ಹಳ್ಳಿಹಳ್ಳಿ ತಿರುಗಿ ಬಳೆ ಮಾರುವವನ ಕಥೆ. ಊರ ಹೆಂಗಸರ ಕೈ ಹಿಡಿದು ಬಳೆ ತೊಡಿಸುವವನ ಮನೆಯಲ್ಲಿ, ಅವನಿಗೂ ಹೆಂಡತಿಗೂ ನಡುವೆ ಹೇಳಲಾಗದ ಮಾತೊಂದು ಕೂತಿದೆ. ‘ತಿಥಿ’ಯಲ್ಲಿ ಗದ್ದಲವಾಗಿ ಹರಿದ ಅದೇ ಸೀಮೆಯ ಕನ್ನಡ ಇಲ್ಲಿ ಪಿಸುಮಾತಿಗೆ ಇಳಿಯುತ್ತದೆ. ಎರಡನ್ನೂ ಒಂದೇ ವಾರದಲ್ಲಿ ನೋಡಿ. ಒಂದು ಮಾತು ಎಷ್ಟು ದೊಡ್ಡದಾಗಿ ನಗಬಲ್ಲದು, ಎಷ್ಟು ಸಣ್ಣದಾಗಿ ನೋಯಬಲ್ಲದು ಎಂಬುದು ತಿಳಿಯುತ್ತದೆ.

ಪಿಸುಮಾತಿಗಿಂತ ಕೆಳಗೆ ಮೌನವಿದೆ. ಅದಕ್ಕೆ ನಟೇಶ್ ಹೆಗಡೆಯವರ ‘ಪೆಡ್ರೊ’ ನೋಡಬೇಕು. 2021ರ ಚಿತ್ರ, ಉತ್ತರ ಕನ್ನಡದ ಘಟ್ಟದ ಮೇಲಿನ ಊರು. ಪೆಡ್ರೊ ಕರೆಂಟಿನ ಕೆಲಸ, ಅವರಿವರ ಮನೆಯ ಸಣ್ಣಪುಟ್ಟ ಕೆಲಸ ಮಾಡಿಕೊಂಡಿರುವ ನಡುವಯಸ್ಸಿನವನು. ಆ ಪಾತ್ರ ಮಾಡಿದವರು ನಿರ್ದೇಶಕರ ತಂದೆ ಗೋಪಾಲ ಹೆಗಡೆ. ತೋಟ ಕಾಯಲು ಹೋದ ಪೆಡ್ರೊನ ಕೈಯಿಂದ ಒಂದು ಹಸು ಸಾಯುತ್ತದೆ. ಆಮೇಲೆ ಊರು ಅವನ ಜೊತೆ ಮಾತಾಡುವ ಬಗೆ ಬದಲಾಗುತ್ತದೆ. ಜೋರು ದನಿಯ ಜಗಳಕ್ಕಿಂತ ಇಲ್ಲಿ ಅಂಜಿಸುವುದು ತಗ್ಗಿದ ದನಿ. ಘಟ್ಟದ ಮೇಲಿನ ಜನ ಬೇಡವಾದದ್ದನ್ನು ನೇರವಾಗಿ ಬೇಡವೆನ್ನುವುದು ಕಡಿಮೆ, ‘ನೋಡ್ವ’ ಎನ್ನುತ್ತಾರೆ. ಆ ‘ನೋಡ್ವ’ದೊಳಗೆ ಎಷ್ಟು ಬಾಗಿಲು ಮುಚ್ಚುತ್ತವೆ ಎಂಬುದು ಈ ಚಿತ್ರದಲ್ಲಿ ಅರ್ಥವಾಗುತ್ತದೆ. ಮಳೆ, ಜೀರುಂಡೆ, ತೋಟದ ಕತ್ತಲು ಇವೆಲ್ಲ ಇಲ್ಲಿ ಹಿನ್ನೆಲೆಯಲ್ಲ, ಮಾತಿನ ನಡುವಿನ ಮಾತು. ಟಿವಿಯ ದನಿ ತೀರ ತಗ್ಗಿಸಿ ನೋಡಿದರೆ ಅರ್ಧ ಚಿತ್ರ ಕೈತಪ್ಪುತ್ತದೆ.

ಇಲ್ಲಿ ಒಂದು ತಾಂತ್ರಿಕ ಸಂಗತಿ ಹೇಳಬೇಕು. ನಮ್ಮ ಬಹುತೇಕ ಚಿತ್ರಗಳಲ್ಲಿ ಮೊದಲು ಚಿತ್ರೀಕರಣ, ಆಮೇಲೆ ಸ್ಟುಡಿಯೊದೊಳಗೆ ಮೈಕಿನ ಮುಂದೆ ನಿಂತು ಮಾತು ಸೇರಿಸುವ ಡಬ್ಬಿಂಗ್ ರೂಢಿಯಾಗಿತ್ತು. ತುಟಿ ಹೊಂದಿಸುವ ಗಮನದಲ್ಲಿ ಉಸಿರು ತಪ್ಪುತ್ತದೆ. ಹೊಲದಲ್ಲಿ ನಿಂತು ಕೂಗಿದ ಮಾತು ಮುಚ್ಚಿದ ಕೋಣೆಯ ಮಾತಾಗುತ್ತದೆ. ಚಿತ್ರೀಕರಣದ ಜಾಗದಲ್ಲೇ, ಆ ಹೊತ್ತಿನಲ್ಲೇ ದನಿಯನ್ನೂ ಹಿಡಿಯುವುದಕ್ಕೆ ಸಿಂಕ್ ಸೌಂಡ್ ಎನ್ನುತ್ತಾರೆ. ಅದು ಖರ್ಚಿನದು, ತಾಳ್ಮೆ ಬೇಡುವಂಥದು. ಪಕ್ಕದ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಹೋದರೂ ಮತ್ತೆ ತೆಗೆಯಬೇಕು. ಆದರೆ ವೃತ್ತಿನಟರಲ್ಲದವರನ್ನು ಇಟ್ಟುಕೊಂಡವರಿಗೆ ಅದೇ ಸರಿಯಾದ ದಾರಿ. ಒಬ್ಬ ರೈತ ತನ್ನ ಹೊಲದಲ್ಲಿ ಆಡಿದ ಮಾತನ್ನು ತಿಂಗಳ ನಂತರ ಕೋಣೆಯಲ್ಲಿ ನಿಂತು ಅದೇ ರಾಗದಲ್ಲಿ ಆಡಲಾರ.

ಈಗ ಕರಾವಳಿಗೆ ಇಳಿಯೋಣ. ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸು’ 2008ರಲ್ಲಿ ಬಂತು. ಗುಲಾಬಿಯಾಗಿ ನಟಿಸಿದ ಉಮಾಶ್ರೀಯವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಇದರ ಮೂಲ ವೈದೇಹಿಯವರ ಕಥೆ. ಕಥೆಯಲ್ಲಿ ಊರಿಗೆ ಬರುವುದು ಸಿನಿಮಾ ಟಾಕೀಸು. ಚಿತ್ರದಲ್ಲಿ ಕಾಸರವಳ್ಳಿಯವರು ಕಾಲವನ್ನು ಕಾರ್ಗಿಲ್ ಯುದ್ಧದ ದಿನಗಳಿಗೆ ತಂದು, ಟಾಕೀಸಿನ ಜಾಗದಲ್ಲಿ ಡಿಶ್ ಆಂಟೆನಾ ಇರುವ ಟಿವಿ ಇಟ್ಟರು. ಗುಲಾಬಿ ಮೀನುಗಾರರ ಊರಿನಲ್ಲಿ ಒಂಟಿಯಾಗಿರುವ ಮುಸ್ಲಿಂ ಸೂಲಗಿತ್ತಿ, ಸಿನಿಮಾ ಎಂದರೆ ಪ್ರಾಣ. ಹೆರಿಗೆ ಮಾಡಿಸಿದ ಋಣಕ್ಕೆ ಉಡುಗೊರೆಯಾಗಿ ಬಂದ ಆ ಟಿವಿಯ ಮುಂದೆ ಊರ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಹೊರಗೆ ದೊಡ್ಡ ದೋಣಿಗಳಿಗೂ ಸಣ್ಣ ಮೀನುಗಾರರಿಗೂ ತಿಕ್ಕಾಟ, ಜಾತಿ ಮತದ ಗುಮಾನಿ. ಒಳಗೆ ಹೆಂಗಸರು ಒಟ್ಟಿಗೆ ಕೂತು ಆಡುವ ಕುಂದಾಪುರದ ಮಾತು.

ಮನೆಯಲ್ಲಿ ಸಿನಿಮಾ ನೋಡುವುದು ಎಂದರೇನು ಎಂದು ಇಷ್ಟು ಆಳವಾಗಿ ಯೋಚಿಸಿದ ಇನ್ನೊಂದು ಕನ್ನಡ ಚಿತ್ರ ನನಗೆ ಗೊತ್ತಿಲ್ಲ. ಒಂದೇ ತೆರೆಯ ಮುಂದೆ ಕೂತವರು ಮೊದಲು ಕಥೆಯ ಬಗ್ಗೆ ಮಾತಾಡುತ್ತಾರೆ, ಆಮೇಲೆ ತಮ್ಮ ಬಗ್ಗೆ. ಗಂಡಸರ ಊರಿನಲ್ಲಿ ಹೆಂಗಸರಿಗೆ ಹೀಗೊಂದು ಜಗಲಿ ಸಿಗುತ್ತದೆ. ಆ ಜಗಲಿಗೆ ಹೊರಗಿನ ಸುದ್ದಿಯೂ ಅದೇ ಪೆಟ್ಟಿಗೆಯಿಂದ ಬಂದು ಬೀಳುತ್ತದೆ. ಕೊನೆಯಲ್ಲಿ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ. ಗುಲಾಬಿಯ ಮನೆಯ ಬಾಗಿಲನ್ನು ಮಾತ್ರ ಕೊನೆಯವರೆಗೆ ನೋಡುತ್ತಿರಿ.

ಮುಂದಿನ ಮೂರು ಚಿತ್ರಗಳನ್ನು ನಾನು ಯಾವಾಗಲೂ ಒಟ್ಟಿಗೇ ಹೇಳುತ್ತೇನೆ. ಗಿರೀಶ ಕಾರ್ನಾಡರ ‘ಕಾಡು’ 1973ರದು, ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’ 1977ರದು. ಸುಮಂತ್ ಭಟ್ಟರ ‘ಮಿಥ್ಯ’ ಚಿತ್ರೋತ್ಸವದಲ್ಲಿ ಕಂಡದ್ದು 2023ರಲ್ಲಿ, ಚಿತ್ರಮಂದಿರಕ್ಕೆ ಬಂದದ್ದು 2025ರಲ್ಲಿ. ನಡುವೆ ಅರ್ಧ ಶತಮಾನವಿದೆ. ಆದರೂ ಮೂರರಲ್ಲೂ ಒಬ್ಬ ಹುಡುಗ ತನ್ನದಲ್ಲದ ಮನೆಗೆ ಬಂದು ಸೇರುತ್ತಾನೆ.

‘ಕಾಡು’ ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯಿಂದ ಬಂದದ್ದು. ಪುಟ್ಟ ಕಿಟ್ಟಿ ಹಳ್ಳಿಯ ಬಂಧುಗಳ ಮನೆಗೆ ಬರುತ್ತಾನೆ. ಮನೆಯ ಯಜಮಾನ ರಾತ್ರಿ ಪಕ್ಕದೂರಿಗೆ ಹೋಗುವುದೇಕೆ, ಅವನ ಹೆಂಡತಿ ಕಮಲಿ ಅಳುವುದೇಕೆ, ಎರಡೂರುಗಳ ಜಗಳ ಯಾಕೆ ಎಂಬುದು ಯಾವುದೂ ಹುಡುಗನಿಗೆ ಗೊತ್ತಿಲ್ಲ. ಹೆಸರು ಹಿಡಿದು ಕರೆಯುವ ಕಾಡಿನ ಹಕ್ಕಿಯ ಕಥೆ ಅವನ ತಲೆಯಲ್ಲಿದೆ. ಅದಕ್ಕೆ ಓಗೊಟ್ಟವರು ಉಳಿಯುವುದಿಲ್ಲವಂತೆ. ಯು.ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿದ ‘ಘಟಶ್ರಾದ್ಧ’ದಲ್ಲಿ ನಾಣಿ ವೇದ ಕಲಿಯಲು ಮಲೆನಾಡಿನ ಅಗ್ರಹಾರಕ್ಕೆ ಬರುತ್ತಾನೆ. ದೊಡ್ಡ ಹುಡುಗರ ಕಾಟದ ನಡುವೆ ಅವನಿಗೆ ಆಸರೆಯಾಗುವವಳು ಗುರುಗಳ ವಿಧವೆ ಮಗಳು ಯಮುನಕ್ಕ. ಅವಳು ಬಸುರಿಯಾಗಿದ್ದಾಳೆ ಎಂಬುದು ಅಗ್ರಹಾರಕ್ಕೆ ಪಿಸುಮಾತಾಗಿ ಹಬ್ಬುತ್ತದೆ. ಮುಂದೆ ಬದುಕಿರುವವಳಿಗೇ ಶ್ರಾದ್ಧ ಮಾಡಿ ಹೊರಗಟ್ಟುವ ತನಕ ಹೋಗುತ್ತದೆ. ‘ಮಿಥ್ಯ’ದಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹನ್ನೊಂದರ ಮಿಥುನ್ ಮುಂಬೈಯಿಂದ ಉಡುಪಿಯ ಚಿಕ್ಕಮ್ಮನ ಮನೆಗೆ ಬಂದಿದ್ದಾನೆ. ದೊಡ್ಡವರು ಅವನ ಬಗ್ಗೆ ಮಾತಾಡುತ್ತಾರೆ, ಅವನ ಜೊತೆ ಮಾತಾಡುವುದು ಕಡಿಮೆ.

ಪರರ ಮನೆಯಲ್ಲಿರುವ ಮಗು ಕಿವಿಯಿಂದ ಬದುಕುತ್ತದೆ. ಗೋಡೆಯಾಚೆಯ ಮಾತು, ಅರ್ಧಕ್ಕೆ ನಿಲ್ಲಿಸಿದ ಮಾತು, ತಾನು ಒಳಗೆ ಬಂದೊಡನೆ ಬದಲಾಗುವ ಮಾತು ಇವುಗಳಿಂದಲೇ ಅದು ಲೋಕವನ್ನು ಜೋಡಿಸಿಕೊಳ್ಳಬೇಕು. ಅರ್ಥ ಆಮೇಲೆ ಬರುತ್ತದೆ, ದನಿ ಮೊದಲು ಬರುತ್ತದೆ. ಈ ಮೂರು ಚಿತ್ರಗಳನ್ನು ನೋಡುವಾಗ ನಾವು ಕೂರುವುದೂ ಆ ಹುಡುಗನ ಜಾಗದಲ್ಲೇ. ನಮಗೆ ಪೂರ್ತಿ ಗೊತ್ತಿರದ ಕನ್ನಡ, ಪೂರ್ತಿ ಗೊತ್ತಿರದ ಮನೆ. ಆ ಕಾರಣಕ್ಕೆ ಇವುಗಳನ್ನು ಎಲ್ಲ ತಿಳಿದ ದೊಡ್ಡವರಂತೆ ನೋಡಬೇಡಿ. ಕಿಟ್ಟಿ, ನಾಣಿ, ಮಿಥುನರಂತೆ ಕಂಬದ ಮರೆಯಲ್ಲಿ ನಿಂತು ಕೇಳಿ. ಬಾಲ್ಯದಲ್ಲಿ ನಾವು ಹಾಗೆ ನಿಂತು ಕೇಳಿಸಿಕೊಂಡ ಮಾತುಗಳು ಎಷ್ಟೋ ಇವೆ. ಅವುಗಳಲ್ಲಿ ಒಂದೆರಡಾದರೂ ಅವತ್ತು ರಾತ್ರಿ ಮರಳಿ ಬರುತ್ತವೆ.

‘ಘಟಶ್ರಾದ್ಧ’ದ ಬಗ್ಗೆ ಇನ್ನೊಂದು ಮಾತು. ಆ ವರ್ಷದ ಸ್ವರ್ಣಕಮಲ ಪಡೆದ ಈ ಕಪ್ಪು-ಬಿಳುಪು ಚಿತ್ರವನ್ನು ನಮ್ಮಲ್ಲಿ ಹೆಚ್ಚಿನವರು ನೋಡಿದ್ದು ಗೆರೆ ಬಿದ್ದ, ದನಿ ಗುಂಯ್‌ಗುಡುವ ಪ್ರತಿಗಳಲ್ಲಿ. ಫಿಲ್ಮು ಸಾಯುವ ವಸ್ತು. ಸೆಖೆಗೆ, ತೇವಕ್ಕೆ ಅದು ಹುಳಿವಾಸನೆ ಹಿಡಿದು ಸುರುಟಿಕೊಳ್ಳುತ್ತದೆ, ಅದರ ಅಂಚಿನಲ್ಲಿರುವ ದನಿಪಟ್ಟಿಯೂ ಹಾಳಾಗುತ್ತದೆ. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಫಿಲ್ಮ್ ಫೌಂಡೇಶನ್‌ನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಈ ಚಿತ್ರವನ್ನು ಮತ್ತೆ ಹಸನುಗೊಳಿಸಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಅದು ತೆರೆಕಂಡಿತು. ಯಮುನಕ್ಕನ ದನಿ ಹೀಗೆ ಉಳಿಯಿತು. ಉಳಿಯದೆ ಹೋದ ದನಿಗಳು ಎಷ್ಟೋ. ಹಳೆಯ ಚಿತ್ರವೊಂದನ್ನು ಹುಡುಕಿ ನೋಡುವ ಪ್ರತಿಯೊಬ್ಬರೂ ಅದು ಇನ್ನೂ ಬೇಕಾಗಿದೆ ಎಂದು ಸಾಕ್ಷಿ ಹೇಳಿದಂತೆ. ಉಳಿಸುವವರಿಗೆ ಆ ಸಾಕ್ಷಿ ಬೇಕು.

ಮಳೆ ಹಿಡಿದ ವಾರಾಂತ್ಯಕ್ಕೆ ‘ದ್ವೀಪ’ವನ್ನು ಎತ್ತಿಟ್ಟುಕೊಳ್ಳಿ. ನಾ. ಡಿಸೋಜರ ಕಾದಂಬರಿ, ಕಾಸರವಳ್ಳಿಯವರ ನಿರ್ದೇಶನ. ನಟಿ ಸೌಂದರ್ಯ ತಾವೇ ನಿರ್ಮಿಸಿ ನಾಗಿಯಾಗಿ ನಟಿಸಿದ ಚಿತ್ರ. ಅಣೆಕಟ್ಟಿನ ಹಿನ್ನೀರು ಏರುತ್ತಿದೆ. ಪರಿಹಾರ ಪಡೆದು ಊರು ಖಾಲಿಯಾಗುತ್ತಿದೆ. ನಾಗಿ, ಗಂಡ ಗಣಪ, ಮಾವ ದುಗ್ಗಜ್ಜ ಮಾತ್ರ ಗುಡ್ಡದ ಮೇಲೆ ಉಳಿದಿದ್ದಾರೆ. ಡಿಸೋಜರು ಶರಾವತಿ ಮುಳುಗಡೆಯನ್ನು ಹತ್ತಿರದಿಂದ ಕಂಡವರು. ಊರು ಮುಳುಗಿದರೆ ಮನೆ, ಗದ್ದೆಗಳ ಜೊತೆ ಆ ಮನೆ ಗದ್ದೆಗಳನ್ನು ಕರೆಯುತ್ತಿದ್ದ ಪದಗಳೂ ಮುಳುಗುತ್ತವೆ. ಈ ಚಿತ್ರಕ್ಕೆ ಸ್ವರ್ಣಕಮಲದ ಜೊತೆ ಛಾಯಾಗ್ರಹಣಕ್ಕೂ ರಾಷ್ಟ್ರಪ್ರಶಸ್ತಿ ಬಂದದ್ದು ನಿಜ. ನಾನು ಹೇಳುವುದು ಮಳೆಯ ಸದ್ದನ್ನು. ಅದು ಮೊದಲು ಸುಖವಾಗಿ ಕೇಳುತ್ತದೆ, ನಡುವೆ ಬೇಸರವಾಗುತ್ತದೆ, ಕೊನೆಗೆ ಹೆದರಿಕೆಯಾಗುತ್ತದೆ. ಅದೇ ಮಳೆ.

ನಗರಕ್ಕೂ ತನ್ನ ಕನ್ನಡವಿದೆ. ಪೃಥ್ವಿ ಕೊಣನೂರರ ‘ಪಿಂಕಿ ಎಲ್ಲಿ’ 2020ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಮೊದಲು ಕಂಡಿತು. ದುಡಿಯುವ ತಾಯಿ, ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸದಾಕೆ, ಒಂದು ದಿನ ಕಾಣೆಯಾಗುವ ಕೂಸು. ಬೆಂಗಳೂರಿನ ಫ್ಲಾಟು, ಕೊಳೆಗೇರಿ, ಪೊಲೀಸ್ ಠಾಣೆ ಮೂರಕ್ಕೂ ಮಾತು ಬೇರೆ ಬೇರೆ. ಯಾರು ಯಾರನ್ನು ಏಕವಚನದಲ್ಲಿ ಕರೆಯುತ್ತಾರೆ, ಯಾರು ಯಾವಾಗ ಇಂಗ್ಲಿಷಿಗೆ ಜಿಗಿಯುತ್ತಾರೆ ಎಂದು ಗಮನಿಸುತ್ತಾ ಹೋದರೆ ಈ ನಗರದ ನಕ್ಷೆಯೇ ಸಿಗುತ್ತದೆ. ಅವರದೇ ‘ಹದಿನೇಳೆಂಟು’ ಕಾಲೇಜು ಹುಡುಗ ಹುಡುಗಿಯ ಸುತ್ತ ಜಾತಿ, ಕಾನೂನು, ಮರ್ಯಾದೆಗಳು ಹೆಣೆದುಕೊಳ್ಳುವ ಚಿತ್ರ. ಬೆಳೆದ ಮಕ್ಕಳಿರುವ ಮನೆಯವರು ಜೊತೆಗೆ ಕೂತು ನೋಡಿ, ಆಮೇಲೆ ಮಾತಾಡಿ. ಕರ್ನಾಟಕದ ಬೇರೆ ನುಡಿಗಳೂ ಈ ಪಟ್ಟಿಗೆ ಸೇರಬೇಕು. ಅಭಯ ಸಿಂಹರ ತುಳು ಚಿತ್ರ ‘ಪಡ್ಡಾಯಿ’ ಷೇಕ್ಸ್‌ಪಿಯರನ ಮ್ಯಾಕ್‌ಬೆತ್‌ನನ್ನು ಕಡಲ ದಡದ ಮೀನುಗಾರರ ನಡುವೆ ತಂದು ನಿಲ್ಲಿಸಿದೆ.

ಇವು ಎಲ್ಲಿ ಸಿಗುತ್ತವೆ? ಒಂದು ಆ್ಯಪ್‌ನ ಹೆಸರು ಹೇಳಿ ಮುಗಿಸುವಂತಿಲ್ಲ. ಒಟಿಟಿಗಳ ಒಪ್ಪಂದ ಮುಗಿದ ದಿನ ಚಿತ್ರ ಅಲ್ಲಿಂದ ಇಳಿಯುತ್ತದೆ, ಇನ್ನೆಲ್ಲೋ ಏರುತ್ತದೆ. ಸಣ್ಣ ಕನ್ನಡ ಚಿತ್ರಗಳನ್ನು ಕೊಳ್ಳುವವರೂ ಕಡಿಮೆ. ‘ಮಿಥ್ಯ’ದ ಸುಮಂತ್ ಭಟ್ಟರು ಸೇರಿ ಮಾಡಿದ ಕರಾವಳಿ ಕಥೆಗಳ ಸರಣಿ ‘ಏಕಂ’ಗೆ ಯಾವ ಒಟಿಟಿಯೂ ಜಾಗ ಕೊಡದೆ, 2024ರಲ್ಲಿ ಅದು ತನ್ನದೇ ಜಾಲತಾಣ ಕಟ್ಟಿಕೊಂಡು ಬಂತು. ಆದ್ದರಿಂದ ಪಟ್ಟಿಯೊಂದನ್ನು ಬರೆದು ಇಟ್ಟುಕೊಳ್ಳಿ. ಚಿತ್ರದ ಹೆಸರನ್ನು ಕನ್ನಡದಲ್ಲೂ ಹುಡುಕಿ, ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಬಗೆಯಾಗಿ ಬರೆದೂ ಹುಡುಕಿ. ನಿರ್ದೇಶಕರ ಹೆಸರಿನಿಂದ ಹುಡುಕಿದರೆ ಇನ್ನೂ ಬೇಗ ಸಿಗುತ್ತದೆ. ಹಣ ಕೊಟ್ಟು ನೋಡುವ ಅವಕಾಶವಿದ್ದರೆ ಕೊಟ್ಟೇ ನೋಡಿ. ಮುಂದಿನ ಚಿತ್ರ ಆ ಹಣದಿಂದಲೇ ಹುಟ್ಟಬೇಕು.

ನೋಡುವ ಬಗೆಯ ಬಗ್ಗೆಯೂ ಒಂದೆರಡು ಮಾತು. ಮೊದಲ ಹತ್ತು ಹದಿನೈದು ನಿಮಿಷ ಮಾತು ಪೂರ್ತಿ ಹಿಡಿಯದೆ ಇರಬಹುದು, ನಿಲ್ಲಿಸಬೇಡಿ. ಹೊಸ ಊರಿನ ನೀರಿಗೆ ನಾಲಿಗೆ ಒಗ್ಗುವಂತೆ ಕಿವಿಯೂ ಒಗ್ಗುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಇದ್ದರೆ ಮೊದಲ ಸಲ ಅದನ್ನು ಆಫ್ ಮಾಡಿಯೇ ನೋಡಿ. ‘ಬಾರ್ಲಾ’, ‘ಬಾರಪಾ’, ‘ಬಾರಾ ಮಾರಾಯ’ ಮೂರೂ ಅಲ್ಲಿ ಒಂದೇ ಪದವಾಗುತ್ತವೆ. ಕಣ್ಣು ಓದತೊಡಗಿದರೆ ಕಿವಿ ಸುಮ್ಮನಾಗುತ್ತದೆ. ಹೊಸ ಟಿವಿಗಳು ತೆಳ್ಳಗಾದಷ್ಟೂ ಅವುಗಳ ಸ್ಪೀ­ಕರ್ ಬಡವಾಗಿದೆ. ಸಣ್ಣದೊಂದು ಸ್ಪೀಕರ್ ಜೋಡಿಸಿ, ಒಬ್ಬರೇ ಇದ್ದರೆ ಹೆಡ್‌ಫೋನ್ ಹಾಕಿ. ಹಳೆಯ ಚಿತ್ರಗಳಿಗಂತೂ ಇದು ಬೇಕೇ ಬೇಕು. ಫೋನನ್ನು ಬೇರೆ ಕೋಣೆಯಲ್ಲಿಡಿ. ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು ಹೆಚ್ಚಿಗೆ ಹೇಳುತ್ತೇನೆ. ನಿಮ್ಮ ಮಕ್ಕಳು ಕೇಳುವ ಕನ್ನಡ ನಿಮ್ಮೊಬ್ಬರದೇ ಆಗಿರುತ್ತದೆ. ಅಜ್ಜಿಯ ಊರಿನ ಕನ್ನಡವನ್ನು ಅವರಿಗೆ ಕೇಳಿಸಲು ಈ ಚಿತ್ರಗಳಿಗಿಂತ ಹತ್ತಿರದ ದಾರಿ ಇಲ್ಲ.

ಇಂಥ ಚಿತ್ರಗಳು ಜನಕ್ಕೆ ಅರ್ಥವಾಗುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಹೆಗ್ಗೋಡಿನ ನೀನಾಸಂ ಚಿತ್ರಸಮಾಜ 1970ರ ದಶಕದಲ್ಲೇ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ಜನರ ಮುಂದೆ ಇಟ್ಟಿತು. ಜನ ಬಂದು ಕೂತು ನೋಡಿದರು, ಮಾತಾಡಿದರು. ಕೊರತೆ ನೋಡುವವರಲ್ಲಿ ಇರಲಿಲ್ಲ. ಅವರ ಮುಂದೆ ತಂದು ಇಡುವವರು ಬೇಕಿತ್ತು. ಈಗ ಆ ಕೆಲಸವನ್ನು ಪ್ರತಿ ಮನೆಯಲ್ಲೂ ಯಾರಾದರೂ ಒಬ್ಬರು ಮಾಡಬಹುದು.

ಅತ್ತೆ ಊರಿಗೆ ಹೊರಡುವ ಹಿಂದಿನ ರಾತ್ರಿ “ಇನ್ನ ಅಂಥಾದ್ದು ಐತೇನು?” ಎಂದು ಕೇಳಿದರು. ‘ಗುಲಾಬಿ ಟಾಕೀಸು’ ಹಾಕಿದೆವು. ಕುಂದಾಪುರದ ಮಾತು ಅವರಿಗೆ ಹೊಸದು. ಮೊದಮೊದಲು ಒಂದೊಂದು ಪದಕ್ಕೂ ನನ್ನ ಮುಖ ನೋಡುತ್ತಿದ್ದರು, ಅರ್ಧ ಗಂಟೆಯ ಹೊತ್ತಿಗೆ ನೋಡುವುದನ್ನು ಬಿಟ್ಟರು. ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, ತಮ್ಮೂರಿನ ಸೂಲಗಿತ್ತಿಯ ಕಥೆ ಹೇಳತೊಡಗಿದರು. ಮಳೆ ಸುರಿಯುವ ರಾತ್ರಿ ಕಂದೀಲು ಹಿಡಿದು ಹಳ್ಳ ದಾಟಿ ಬಂದವಳು, ಬೆಳಗಿನ ಜಾವದವರೆಗೆ ಬೆನ್ನು ಹಿಡಿದು ಕೂತವಳು, ಕೊಟ್ಟ ಸೀರೆಯನ್ನು ಬೇಡವೆಂದು ಒಂದು ಸೇರು ಜೋಳ ಮಾತ್ರ ಒಯ್ದವಳು. ಆ ರಾತ್ರಿ ಹುಟ್ಟಿದ ಮಗು ನನ್ನ ಹೆಂಡತಿ. ಅವಳು ಮಗ್ಗುಲಲ್ಲೇ ಕೂತು ಕೇಳುತ್ತಿದ್ದಳು. ತನ್ನನ್ನು ಈ ಲೋಕಕ್ಕೆ ಎತ್ತಿಕೊಂಡ ಕೈ ಯಾರದೆಂದು ಮೂವತ್ತೆಂಟು ವರ್ಷ ಅವಳು ಕೇಳಿರಲಿಲ್ಲ, ಅಮ್ಮ ಹೇಳಿರಲಿಲ್ಲ. ಅವತ್ತು ಆ ಸೂಲಗಿತ್ತಿಯ ಹೆಸರು ಕೇಳಿ ತಿಳಿದುಕೊಂಡೆವು.